ನಾಲ್ಕು ತಾಲ್ಲೂಕು, ಒಂದು ಪದವಿ: ಪ್ರದೇಶ ಅಧ್ಯಯನ ಯಾರಿಗೆ ಉತ್ತರ ಹೇಳಬೇಕು?



ಪದವಿಯ ಕೊನೆಯ ವರ್ಷದಲ್ಲಿರುವ ಮಕ್ಕಳನ್ನು ಮುಂದೇನು ಓದುತ್ತೀರಿ ಎಂದು ಕೇಳಿದರೆ ಬಿ.ಇಡಿ., ಎಂ.ಕಾಂ., ಇಲ್ಲವೇ ಕೆಪಿಎಸ್‌ಸಿ ತಯಾರಿ ಎನ್ನುತ್ತಾರೆ. ಅವೆಲ್ಲ ಒಳ್ಳೆಯ ದಾರಿಗಳೇ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ಒಂದು ಓದಿನ ಬಗ್ಗೆ ಇವತ್ತು ಮಾತನಾಡಲು ಬಂದಿದ್ದೇನೆ. ಅದು ಪ್ರದೇಶ ಅಧ್ಯಯನ. ಒಂದು ನಾಡನ್ನು ಆರಿಸಿಕೊಂಡು ಅಲ್ಲಿನ ಭಾಷೆ, ಚರಿತ್ರೆ, ಬೆಳೆ, ಮಾರುಕಟ್ಟೆ, ಕಾನೂನು, ನಂಬಿಕೆಗಳನ್ನು ಒಟ್ಟಿಗೆ ಓದುವುದು ಇದರ ಕ್ರಮ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಪಶ್ಚಿಮ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ ಎಂಬ ಹೆಸರುಗಳಲ್ಲಿ ಈ ಓದು ನಡೆಯುತ್ತದೆ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ದಕ್ಷಿಣ ಭಾರತ ಅಧ್ಯಯನದ ಎಂ.ಎ. ಕೂಡ ಇದೇ ಬಳಗಕ್ಕೆ ಸೇರಿದ್ದು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಪ್ರದೇಶವನ್ನು ಓದಿದವನು ಆ ಪ್ರದೇಶದ ಜನಕ್ಕೆ ಉತ್ತರ ಹೇಳಬೇಕಾದವನು. ಈ ಹೊಣೆಯನ್ನು ಕಲಿಸುವ ಪದವಿ ಸಾರ್ವಜನಿಕ ವಿಶ್ವವಿದ್ಯಾನಿಲಯದಲ್ಲೇ ಸಿಗಬೇಕು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ಈ ನಾಲ್ಕು ತಾಲ್ಲೂಕುಗಳ ಮಕ್ಕಳ ಕೈಗೆಟುಕಬೇಕು. ಇಲ್ಲಿನವರನ್ನು ಹೊರಗಿನವರು ಬಹಳ ಕಾಲ ಓದಿದ್ದಾರೆ. ಇನ್ನು ಇಲ್ಲಿನವರೂ ಓದುವವರಾಗಬೇಕು.

ಈ ಓದು ಬಂದ ದಾರಿ

ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರ ಜುಲೈ 27ರಂದು. ಅದೇ ವರ್ಷ ಲಂಡನ್ನಿನಲ್ಲಿ ಪೌರಸ್ತ್ಯ ಅಧ್ಯಯನದ ಶಾಲೆಯೊಂದು ಹುಟ್ಟಿತು. ಇವತ್ತು ಅದನ್ನು ಸೋಯಾಸ್ ಎಂದು ಕರೆಯುತ್ತಾರೆ. ಸಾಮ್ರಾಜ್ಯವನ್ನು ಆಳಲು ಹೊರಟ ಅಧಿಕಾರಿಗಳಿಗೆ ಆಳಿಸಿಕೊಳ್ಳುವವರ ಭಾಷೆ ಕಲಿಸುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ಎರಡನೇ ಮಹಾಯುದ್ಧದ ನಂತರ ಅಮೆರಿಕ ಇದೇ ಕೆಲಸಕ್ಕೆ ಕೈಹಾಕಿತು. ದೇಶದ ರಕ್ಷಣೆಯ ಹೆಸರಿನಲ್ಲಿ 1958ರಲ್ಲಿ ತಂದ ಶಿಕ್ಷಣ ಕಾಯ್ದೆಯ ಹಣದಿಂದ ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಏಷ್ಯಾ ಆಫ್ರಿಕಾಗಳ ಭಾಷಾ ವಿಭಾಗಗಳು ಬೆಳೆದವು. ಪಿಎಲ್ 480 ಎಂಬ ಅಮೆರಿಕದ ಆಹಾರ ನೆರವಿನಡಿ ಬಂದ ಗೋಧಿಯನ್ನು ನಮ್ಮ ಹಿರಿಯರು ರೇಷನ್ನಿನಲ್ಲಿ ತಂದು ಉಂಡಿದ್ದಾರೆ. ಆ ಧಾನ್ಯ ಮಾರಿ ಭಾರತದಲ್ಲಿ ಕೂಡಿದ ರೂಪಾಯಿಯಲ್ಲಿ ಒಂದು ಪಾಲನ್ನು 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಳ್ಳಲು ಬಳಸಿದರು. ಹಾಗೆ ಕನ್ನಡದ ಕಾದಂಬರಿ, ಕಾವ್ಯ, ಪತ್ರಿಕೆಗಳು ಅಮೆರಿಕದ ಗ್ರಂಥಾಲಯಗಳನ್ನು ಸೇರಿದವು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಷಿಕಾಗೋದಲ್ಲಿ ಪಾಠ ಹೇಳಿದ್ದು ಇಂಥ ಒಂದು ವಿಭಾಗದಲ್ಲೇ.

ಸ್ವತಂತ್ರ ಭಾರತ ಈ ಓದನ್ನು ಬೇರೆ ಮನಸ್ಸಿನಿಂದ ಕೈಗೆತ್ತಿಕೊಂಡಿತು. 1955ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಆಫ್ರಿಕಾ ಅಧ್ಯಯನ ಆರಂಭವಾಯಿತು. ಆಗಿನ್ನೂ ಆಫ್ರಿಕಾದ ಬಹುಪಾಲು ದೇಶಗಳು ಪರರ ಆಳ್ವಿಕೆಯಲ್ಲಿದ್ದವು. ಅದೇ ವರ್ಷ ಹುಟ್ಟಿದ ಅಂತರರಾಷ್ಟ್ರೀಯ ಅಧ್ಯಯನದ ಸಂಸ್ಥೆ 1970ರಲ್ಲಿ ಜೆಎನ್‌ಯುಗೆ ಸೇರಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 1960ರ ದಶಕದಲ್ಲಿ ಪ್ರದೇಶ ಅಧ್ಯಯನ ಕೇಂದ್ರಗಳಿಗೆ ಹಣ ಕೊಡತೊಡಗಿತು. ವಸಾಹತಿನಿಂದ ಬಿಡಿಸಿಕೊಂಡ ನಾಡು ತನ್ನಂಥ ನಾಡುಗಳನ್ನು ತನ್ನ ಕಣ್ಣಿನಿಂದ ನೋಡಬೇಕೆಂಬ ಹಂಬಲ ಇದರ ಹಿಂದಿತ್ತು.

ಮೈಸೂರಿನಲ್ಲಿ, ನಾನಾಗಲೇ ಹೆಸರಿಸಿದ ಕನ್ನಡ ಅಧ್ಯಯನ ಸಂಸ್ಥೆ 1966ರಲ್ಲಿ ಶುರುವಾಯಿತು. ದೇ. ಜವರೇಗೌಡರು ಅದರ ನಿರ್ದೇಶಕರಾದರು. ಸಾಹಿತ್ಯ, ಭಾಷಾವಿಜ್ಞಾನ, ಜಾನಪದ, ಶಾಸನ, ವಿಶ್ವಕೋಶ, ಅನುವಾದ ಎಲ್ಲವೂ ಒಂದೇ ಸೂರಿನಡಿ ಬಂದವು. ಜೀ.ಶಂ. ಪರಮಶಿವಯ್ಯನವರಂಥವರು ಹಳ್ಳಿಹಳ್ಳಿ ಸುತ್ತಿ ಹಾಡು, ಕಥೆ, ವಸ್ತುಗಳನ್ನು ಕೂಡಿಹಾಕಿದರು. ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ಆ ಬಗೆಯ ದುಡಿಮೆಯ ಫಲ. ಬಿ.ಎಲ್. ರೈಸ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೊರತಂದಿದ್ದ ಎಪಿಗ್ರಾಫಿಯಾ ಕರ್ನಾಟಿಕದ ಶಾಸನಗಳನ್ನು ಸಂಸ್ಥೆ 1970ರ ದಶಕದಿಂದ ಪರಿಷ್ಕರಿಸಿ ಮತ್ತೆ ಅಚ್ಚು ಹಾಕಿತು. ಹುಣಸೂರು, ಕೋಟೆ ಸೀಮೆಗಳ ಕಲ್ಲುಗಳೂ ಆ ಸಂಪುಟಗಳಲ್ಲಿವೆ. ಹೆಸರು ಏನೇ ಇರಲಿ, ಅದು ಕನ್ನಡದಲ್ಲಿ ನಡೆದ ಪ್ರದೇಶ ಅಧ್ಯಯನ. ಅದಕ್ಕೆ ಹಣ ಹಾಕಿದ್ದು ಸರ್ಕಾರ, ಎಂದರೆ ತೆರಿಗೆ ಕಟ್ಟುವ ನೀವು.

ಹೊಗೆಸೊಪ್ಪು ಮತ್ತು ನೀರು

ದೂರದ ದೇಶಗಳನ್ನು ಓದಿ ಹುಣಸೂರಿನ ಹುಡುಗನಿಗೆ ಏನು ಪ್ರಯೋಜನ ಎಂದು ತಂದೆತಾಯಿಗಳು ಕೇಳಬಹುದು. ಹೊಗೆಸೊಪ್ಪಿನಿಂದಲೇ ಉತ್ತರ ಹೇಳುತ್ತೇನೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಸೀಮೆಯ ಹಗುರ ಮಣ್ಣಿನಲ್ಲಿ ಬೆಳೆಯುವ ವರ್ಜೀನಿಯಾ ಸೊಪ್ಪು ಸಿಗರೇಟಿಗೆ ಹೋಗುತ್ತದೆ. ಬೆಳೆಗಾರನ ನೋಂದಣಿ, ಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಪರವಾನಗಿ, ಎಷ್ಟು ಬೆಳೆಯಬಹುದೆಂಬ ಮಿತಿ, ಹರಾಜು ಎಲ್ಲವೂ 1975ರ ಕಾಯ್ದೆಯಡಿ ಬಂದ ತಂಬಾಕು ಮಂಡಳಿಯ ಕೈಯಲ್ಲಿವೆ. ಆದರೆ ಹರಾಜು ಮಾರುಕಟ್ಟೆಯಲ್ಲಿ ಬೇಲಿನ ಮೇಲೆ ಬೀಳುವ ದರ ಇಲ್ಲಿ ಹುಟ್ಟುವುದಿಲ್ಲ. ಬ್ರೆಜಿಲ್ ಅಥವಾ ಜಿಂಬಾಬ್ವೆಯಲ್ಲಿ ಮಳೆ ಕೈಕೊಟ್ಟರೆ ಇಲ್ಲಿ ದರ ಏರುತ್ತದೆ, ಅಲ್ಲಿ ಬೆಳೆ ಹುಲುಸಾಗಿ ಬಂದರೆ ಇಲ್ಲಿ ಇಳಿಯುತ್ತದೆ. ಈ ಸಂಗತಿಯನ್ನು ಪಿರಿಯಾಪಟ್ಟಣದ ಚಹಾದಂಗಡಿಯಲ್ಲಿ ಕೂತ ಬೆಳೆಗಾರನೇ ಹೇಳಬಲ್ಲ. ಆ ದೇಶಗಳ ಬೆಳೆಗಾರರ ಸಾಲದ ಕರಾರು ಹೇಗಿರುತ್ತದೆ, ಕಂಪನಿಗಳು ಅವರೊಡನೆ ಹೇಗೆ ವ್ಯವಹರಿಸುತ್ತವೆ ಎಂಬುದನ್ನು ಅವನಿಗೆ ಕನ್ನಡದಲ್ಲಿ ಹೇಳುವವರು ಬೇಕು. ಪೋರ್ಚುಗೀಸ್ ಕಲಿತು ಬ್ರೆಜಿಲನ್ನು ಓದಿದ ಈ ಸೀಮೆಯ ಒಬ್ಬ ಹೆಣ್ಣುಮಗಳು ಆ ಕೆಲಸ ಮಾಡಬಲ್ಲಳು.

ಇನ್ನೊಂದು ಕಡೆ ಜಿನೀವಾ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ಅದರ 17ನೇ ವಿಧಿ ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸುವ ಮಾತಾಡುತ್ತದೆ. ತಂಬಾಕು ಪ್ರಾಣ ತೆಗೆಯುತ್ತದೆ ಎಂಬುದು ಸತ್ಯ. ಬ್ಯಾರನ್ ಒಲೆಗೆ ಕಾಡು ಉರಿಯುತ್ತದೆ ಎಂಬುದೂ ಸತ್ಯ. ಆ ಬೆಳೆಯ ದುಡ್ಡಿನಲ್ಲೇ ಇಲ್ಲಿನ ಎಷ್ಟೋ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದಾರೆ ಎಂಬುದೂ ಅಷ್ಟೇ ಸತ್ಯ. ಈ ಮೂರನ್ನೂ ಒಟ್ಟಿಗೆ ಹಿಡಿದು, ಯಾವುದನ್ನೂ ಮುಚ್ಚಿಡದೆ ಬರೆಯಲು ತರಬೇತಿ ಬೇಕು. ಅರ್ಥಶಾಸ್ತ್ರವೊಂದೇ, ಕೃಷಿ ವಿಜ್ಞಾನವೊಂದೇ ಆ ತರಬೇತಿಯನ್ನು ಪೂರ್ತಿ ಕೊಡಲಾರವು.

ಇನ್ನು ಕೆ.ಆರ್. ನಗರದ ಕಡೆ ಬರೋಣ. ಈ ಪಟ್ಟಣದ ಹಿಂದೆ ಎಡತೊರೆ ಇದೆ. 1924ರ ಕಾವೇರಿ ಪ್ರವಾಹ ಎಡತೊರೆಯನ್ನು ನುಗ್ಗುನುರಿ ಮಾಡಿದ ಮೇಲೆ ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿ ಕೃಷ್ಣರಾಜನಗರ ಎಂದು ಹೆಸರಿಟ್ಟರು. ಮೈಸೂರು ಮತ್ತು ಮದ್ರಾಸಿನ ನಡುವೆ ಕಾವೇರಿ ಒಪ್ಪಂದ ಆದದ್ದೂ 1924ರಲ್ಲೇ. ಒಂದೇ ವರ್ಷದಲ್ಲಿ ಆ ನದಿ ಇಲ್ಲಿ ಒಂದು ಊರನ್ನು ಎಬ್ಬಿಸಿತು, ಕಾಗದದ ಮೇಲೆ ಮುಂದಿನ ನೂರು ವರ್ಷದ ವ್ಯಾಜ್ಯವನ್ನೂ ಬರೆಸಿತು. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದವು. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ನೀರು ಎಂದು ನಿಗದಿಯಾಯಿತು. ಚುಂಚನಕಟ್ಟೆಯ ಆಸುಪಾಸಿನ ಭತ್ತದ ಗದ್ದೆಯ ರೈತನಿಗೆ ತಂಜಾವೂರಿನ ಕುರುವೈ ಬೆಳೆ ಏನೆಂದು ಹೇಳಬಲ್ಲವರು, ತಮಿಳು ಪತ್ರಿಕೆಗಳನ್ನು ಓದಬಲ್ಲವರು ನಮ್ಮಲ್ಲಿ ಎಷ್ಟು ಜನರಿದ್ದಾರೆ? ದಕ್ಷಿಣ ಭಾರತ ಅಧ್ಯಯನವೆಂದರೆ ನೆರೆಯವನ ಪತ್ರಿಕೆಯನ್ನು ನೆರೆಯವನ ಭಾಷೆಯಲ್ಲೇ ಓದುವ ಶಕ್ತಿ. ಎಚ್.ಡಿ. ಕೋಟೆಯ ಬಾವಲಿ ಗಡಿಯಲ್ಲಿ ಅದೇ ಶಕ್ತಿ ಮಲಯಾಳಂನಲ್ಲಿ ಬೇಕು. ವಯನಾಡಿನಿಂದ ಬಂದು ಇಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವವರ ಲೆಕ್ಕಾಚಾರ, ಅದರಿಂದ ಇಲ್ಲಿನ ಮಣ್ಣಿಗೂ ಕೂಲಿಗೂ ಆದ ಬದಲಾವಣೆ ಎರಡೂ ಒಳ್ಳೆಯ ಪ್ರಬಂಧಕ್ಕೆ ಕಾದಿರುವ ವಿಷಯಗಳು.

ಬೈಲಕುಪ್ಪೆ: ಪಕ್ಕದಲ್ಲೇ ಇರುವ ದೂರದೇಶ

ಈಗ ನನಗೆ ಬಹಳ ಮುಖ್ಯವೆನಿಸುವ ಉದಾಹರಣೆಗೆ ಬರುತ್ತೇನೆ. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ನೆಲೆ ಕೊಡಲು ಅಂದಿನ ಮೈಸೂರು ರಾಜ್ಯ ಮುಂದೆ ಬಂದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಭೂಮಿ ಒದಗಿಸಿತು. ಕಾಡು ಕಡಿದು, ಆನೆಗಳ ಕಾಟ ಸಹಿಸಿ, ಮೆಕ್ಕೆಜೋಳ ಬಿತ್ತಿ ಅವರು ಬದುಕು ಕಟ್ಟಿದರು. 1969ರ ಹೊತ್ತಿಗೆ ಎರಡನೇ ವಸತಿ ಬಂತು, 1970ರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು. ಪೆನೊರ್ ರಿಂಪೊಚೆ 1963ರಲ್ಲಿ ನಮ್ಡ್ರೋಲಿಂಗ್ ಮಠ ಆರಂಭಿಸಿದರು. ಲ್ಹಾಸಾದ ಸೆರಾ ಮಹಾವಿಹಾರ ಇಲ್ಲಿ ಮರುಹುಟ್ಟು ಪಡೆಯಿತು. ಪುನರ್ವಸತಿಗೆ ನೆರವಾಗಲೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಕೆಲಸ ಮಾಡಿತು. ಟಿಬೆಟಿನ ಸಂಕಟಕ್ಕೆಂದು ಕಟ್ಟಿದ ಸಂಸ್ಥೆ ಕೋಟೆಯ ಬಡವರ ಬಾಗಿಲಿಗೂ ಬಂದದ್ದು ಈ ಸೀಮೆಯ ಚರಿತ್ರೆಯಲ್ಲಿ ನೆನೆಯಬೇಕಾದ ಸಂಗತಿ.

ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿನ್ ಗೋಲ್ಡ್‌ಸ್ಟೈನ್ 1960ರ ದಶಕದಲ್ಲೇ ಬೈಲಕುಪ್ಪೆಗೆ ಬಂದು ಕ್ಷೇತ್ರಕಾರ್ಯ ಮಾಡಿದರು. ಟಿಬೆಟನ್ ಭಾಷೆ ಕಲಿತವರು ಅವರು. ಟಿಬೆಟಿನಿಂದ ಬಂದ ಹಿರಿಯರನ್ನು ಮಾತಾಡಿಸಿ ಹಳೆಯ ಟಿಬೆಟಿನ ಭೂಹಿಡುವಳಿ, ಕಂದಾಯ, ಹಳ್ಳಿಯ ವ್ಯವಸ್ಥೆಗಳ ಬಗ್ಗೆ ಬರೆದರು. ಟಿಬೆಟ್ ಕುರಿತ ಜಗತ್ತಿನ ವಿದ್ವತ್ತಿನ ಒಂದು ಭಾಗ ಹೀಗೆ ಪಿರಿಯಾಪಟ್ಟಣ ತಾಲ್ಲೂಕಿನ ನೆಲದಲ್ಲಿ ಕೂತು ಸಿದ್ಧವಾಯಿತು. ಕರ್ನಾಟಕದವರೂ ಸುಮ್ಮನಿರಲಿಲ್ಲ. ಟಿ.ಸಿ. ಪಾಲಾಕ್ಷಪ್ಪನವರು ಮುಂಡಗೋಡಿನ ಟಿಬೆಟನ್ನರ ಕುರಿತ ಅಧ್ಯಯನವನ್ನು 1978ರಲ್ಲಿ ಪ್ರಕಟಿಸಿದರು. ಆ ಸಾಲು ನಮ್ಮಲ್ಲಿ ಇನ್ನೂ ಉದ್ದವಾಗಬೇಕಿತ್ತು ಎಂಬುದು ನನ್ನ ಕೊರಗು.

ಯಾಕೆಂದರೆ ಓದಬೇಕಾದ ಪ್ರಶ್ನೆಗಳು ರಾಶಿಯಾಗಿ ಬಿದ್ದಿವೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎಂದು ಪೌರತ್ವ ಕಾಯ್ದೆ ಹೇಳುತ್ತದೆ. ಟಿಬೆಟನ್ ಕುಟುಂಬಗಳ ಮಕ್ಕಳಿಗೂ ಇದು ಸಲ್ಲುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದವು. ಹಾಗಿದ್ದರೆ ಅಕ್ಕನಿಗೆ ಮತದ ಹಕ್ಕು, ತಮ್ಮನಿಗೆ ವಿದೇಶಿಯರ ನೋಂದಣಿ ಪತ್ರ ಎಂಬ ಮನೆಗಳು ಇರಲು ಸಾಧ್ಯ. 2014ರಲ್ಲಿ ಕೇಂದ್ರ ಸರ್ಕಾರ ಟಿಬೆಟನ್ ಪುನರ್ವಸತಿ ನೀತಿ ಹೊರಡಿಸಿದ ಮೇಲೆ ಗುತ್ತಿಗೆ ಭೂಮಿಯ ಪ್ರಶ್ನೆ ಹೊಸ ರೂಪ ಪಡೆಯಿತು. ಟಿಬೆಟನ್ನರ ಹೊಲಗಳಲ್ಲಿ ಸುತ್ತಲಿನ ಹಳ್ಳಿಗಳ ಕೂಲಿಗಳು ದುಡಿಯುತ್ತಾರೆ, ಟಿಬೆಟನ್ ಯುವಕರು ಸ್ವೆಟರ್ ವ್ಯಾಪಾರಕ್ಕೂ ಪರದೇಶಕ್ಕೂ ಹೋಗುತ್ತಾರೆ. ಇದನ್ನೆಲ್ಲ ಅರಿಯಲು ಕನ್ನಡವೂ ಬೇಕು, ಟಿಬೆಟನ್ನೂ ಬೇಕು. ವರ್ಷಗಟ್ಟಲೆ ಟಿಬೆಟನ್ನರೊಡನೆ ವ್ಯವಹಾರ ಮಾಡುತ್ತ ಅವರ ಮಾತು ಹಿಡಿದುಕೊಂಡ ಅಂಗಡಿಯವರು, ಕೆಲಸಗಾರರು ಈ ಸೀಮೆಯಲ್ಲಿದ್ದಾರೆ. ಅವರ ಮಕ್ಕಳಿಗೆ ಎಂ.ಎ. ತರಗತಿಯಲ್ಲಿ ಕುಳಿತವರಿಗಿಂತ ಒಂದು ಹೆಜ್ಜೆ ಮುಂದಿರುವ ಅರ್ಹತೆ ಆಗಲೇ ಇದೆ. ಆ ಅರ್ಹತೆಯನ್ನು ವಿಶ್ವವಿದ್ಯಾನಿಲಯ ಗುರುತಿಸಬೇಕು.

ಹಾಡಿಯ ಪಾಠ

ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಇದ್ದಾರೆ. ನಾಗರಹೊಳೆ 1955ರಲ್ಲಿ ವನ್ಯಧಾಮವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನವಾಯಿತು, ಹುಲಿ ಯೋಜನೆಗೆ ಸೇರಿತು. 1970ರ ದಶಕದಲ್ಲಿ ಕಬಿನಿ ಅಣೆಕಟ್ಟೆ ಎದ್ದು ಕಾಕನಕೋಟೆಯ ಕಾಡಿನ ಒಂದು ಭಾಗ ಮುಳುಗಿತು. ಆ ಕಾಡಿನಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ನೋಡಲು ಬಂದ ಅತಿಥಿಗಳ ಹೆಸರು ಬರವಣಿಗೆಯಲ್ಲಿ ಉಳಿಯಿತು. ಆನೆ ಪಳಗಿಸಿದ ಕುರುಬರ ಹೆಸರುಗಳು ಅಷ್ಟು ಉಳಿಯಲಿಲ್ಲ.

ನಾಗರಹೊಳೆಯ ಕಾಡಿನಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನ ನಡೆಸಿದರು. ಕ್ಯಾಮೆರಾದಲ್ಲಿ ಪಟ್ಟೆಗಳನ್ನು ಗುರುತಿಸಿ ಹುಲಿ ಎಣಿಸುವ ವಿಧಾನ ಇಲ್ಲಿಂದ ಜಗತ್ತಿಗೆ ಪರಿಚಯವಾಯಿತು. ಅದು ಹೆಮ್ಮೆಯ ಕೆಲಸ. ಇದೇ ಕಾಡಿನಿಂದ ಹೊರಬಿದ್ದ ಮನೆಗಳ ಲೆಕ್ಕವನ್ನೂ ಯಾರಾದರೂ ಮಾಡಬೇಕಿತ್ತು. ಹೈಕೋರ್ಟ್ ನೇಮಿಸಿದ ಸಮಿತಿಯ ಅಧ್ಯಕ್ಷರಾಗಿ ಆ ಕೆಲಸ ಮಾಡಿದವರು ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿ. 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ನಾಗರಹೊಳೆಯಿಂದ ಸ್ಥಳಾಂತರಗೊಂಡ 3,418 ಕುಟುಂಬಗಳನ್ನು ಗುರುತಿಸಿ ಪುನರ್ವಸತಿಗೆ ಶಿಫಾರಸು ಮಾಡಲಾಯಿತು. ಅಸ್ಸಾದಿಯವರು ಈಗ ನಮ್ಮೊಡನಿಲ್ಲ. ವರದಿ ಉಳಿದಿದೆ, ಹಾಡಿಯವರು ಅದರ ಹೆಸರು ಹಿಡಿದು ಇವತ್ತಿಗೂ ಹಕ್ಕು ಕೇಳುತ್ತಾರೆ. ಸರ್ಕಾರಿ ವಿಶ್ವವಿದ್ಯಾನಿಲಯದ ಒಬ್ಬ ಮೇಷ್ಟ್ರ ವಿದ್ವತ್ತು ಹಾಡಿಯ ಅರ್ಜಿಗೆ ಆಧಾರವಾದ ಈ ಪ್ರಸಂಗವನ್ನು ಪ್ರದೇಶ ಅಧ್ಯಯನದ ಪ್ರತಿ ತರಗತಿಯಲ್ಲೂ ಪಾಠ ಮಾಡಬೇಕು. ಹುಲಿಯ ಲೆಕ್ಕವನ್ನೂ ಹಾಡಿಯ ಲೆಕ್ಕವನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದುವುದು ಈ ಶಿಸ್ತಿನ ಧರ್ಮ.

ಪದವಿ ಏನನ್ನು ಕೇಳಬೇಕು

ಈ ಓದಿಗೆ ಹೋಗಬೇಕೆನ್ನುವ ಮಕ್ಕಳಿಗೆ ಮೂರು ಮಾತು ಹೇಳಬೇಕು.

ಮೊದಲನೆಯದು ಭಾಷೆ. ಓದುವ ನಾಡಿನ ಭಾಷೆ ಬಾರದವನ ಪದವಿ ಅರ್ಧ ಪದವಿ. ಪಿಯುಸಿ ಮುಗಿದವರಿಗೆ ಜೆಎನ್‌ಯುನಲ್ಲಿ ಸ್ಪ್ಯಾನಿಷ್, ಅರೇಬಿಕ್, ಚೀನೀ, ಜಪಾನೀ, ಕೊರಿಯನ್ ಭಾಷೆಗಳ ಬಿ.ಎ. ಇದೆ. ಸಿಯುಇಟಿ ಪರೀಕ್ಷೆ ಬರೆದು ಸೇರಬಹುದು. ಮೈಸೂರಿನಲ್ಲೇ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ. ಕನ್ನಡ ಮಾಧ್ಯಮದಲ್ಲಿ ಓದಿದೆವೆಂದು ಹಿಂಜರಿಯಬೇಡಿ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಮಾತಾಡಿ ಬೆಳೆದವರಿಗೆ ನಾಲ್ಕನೆಯದು ಹೊರೆಯಾಗುವುದಿಲ್ಲ.

ಎರಡನೆಯದು ನೆಲ. ಇಲ್ಲಿ ಎಂ.ಎನ್. ಶ್ರೀನಿವಾಸರನ್ನು ನೆನೆಯುತ್ತೇನೆ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದವರು. 1948ರಲ್ಲಿ ಮೈಸೂರಿನ ಹತ್ತಿರದ ಕೊಡಗಹಳ್ಳಿಯಲ್ಲಿ ವಾಸವಿದ್ದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದ ಪುಸ್ತಕ 1976ರಲ್ಲಿ ಬಂತು. ಭತ್ತದ ಗದ್ದೆ, ಪಟೇಲರ ಜಗುಲಿ, ಜಾತಿಗಳ ಕೊಡುಕೊಳ್ಳುವಿಕೆ ನೋಡಿ ಹೇಳಿದ ಮಾತುಗಳನ್ನು ಜಗತ್ತಿನ ಸಮಾಜಶಾಸ್ತ್ರ ಇವತ್ತಿಗೂ ಓದುತ್ತದೆ. ನಮ್ಮ ಪಕ್ಕದ ಒಂದು ಹಳ್ಳಿಯಿಂದ ದೊಡ್ಡ ವಿಚಾರ ಹೊರಡಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೂರನೆಯದು ಕೆಲಸದ ಪ್ರಶ್ನೆ. ಈ ಪದವಿ ಕೈಗೆ ನೇಮಕಾತಿ ಪತ್ರ ಕೊಡುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎನ್‌ಇಟಿಯಲ್ಲಿ ಅಂತರರಾಷ್ಟ್ರೀಯ ಮತ್ತು ಪ್ರದೇಶ ಅಧ್ಯಯನ ಎಂಬ ವಿಷಯವಿದೆ, ಜೆಆರ್‌ಎಫ್ ಬಂದರೆ ಸಂಶೋಧನೆಗೆ ವೇತನ ಸಿಗುತ್ತದೆ. ವಿದೇಶಾಂಗ ಸೇವೆ, ಪತ್ರಿಕೋದ್ಯಮ, ಅನುವಾದ, ಸ್ವಯಂಸೇವಾ ಸಂಸ್ಥೆಗಳ ಕೆಲಸಗಳಲ್ಲಿ ಭಾಷೆ ಬಲ್ಲವರಿಗೆ ಜಾಗವಿದೆ. ದಾರಿ ಉದ್ದ, ಬೇಗ ಸಂಬಳ ಬರುವುದಿಲ್ಲ. ಅದಕ್ಕೇ ಶುಲ್ಕ ಕಡಿಮೆ ಇರುವ, ಹಾಸ್ಟೆಲ್ ಇರುವ, ಮೀಸಲಾತಿ ಪಾಲಿಸುವ ಸಾರ್ವಜನಿಕ ವಿಶ್ವವಿದ್ಯಾನಿಲಯ ಬೇಕು. ಅದು ದುಬಾರಿಯಾದ ದಿನ ಈ ಓದು ಅನುಕೂಲಸ್ಥರ ಹವ್ಯಾಸವಾಗಿ ಉಳಿಯುತ್ತದೆ. ಹಾಡಿಯ ಹುಡುಗಿ ಮತ್ತೆ ಬರಿ ಪ್ರಶ್ನಾವಳಿಗೆ ಉತ್ತರ ಕೊಡುವವಳಾಗುತ್ತಾಳೆ.

ನನ್ನ ಕೋರಿಕೆಗಳು

ಈ ವೇದಿಕೆಯಿಂದ ಕೆಲವು ಕೋರಿಕೆಗಳನ್ನು ಮುಂದಿಡುತ್ತೇನೆ.

ನಮ್ಮ ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಕಲಾ ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಪೂರ್ತಿ ಒಂದು ಊರು, ಒಂದು ಹಾಡಿ, ಒಂದು ನಾಲೆ ಅಥವಾ ಒಂದು ಹರಾಜು ಮಾರುಕಟ್ಟೆಯನ್ನು ಅಧ್ಯಯನ ಮಾಡಲಿ. ಅಂತರ್ಜಾಲದಿಂದ ಎತ್ತಿದ ಪುಟಗಳಿಗೆ ಅಂಕ ಬೇಡ, ಆಡಿದ ಮಾತು ದಾಖಲಾದರೆ ಅಂಕ ಕೊಡಿ.

ಬೈಲಕುಪ್ಪೆಯ ಮಠಗಳಲ್ಲಿ ದೊಡ್ಡ ವಿದ್ವಾಂಸರಿದ್ದಾರೆ. ಅವರ ನೆರವಿನಿಂದ ನಮ್ಮ ಮಕ್ಕಳಿಗೆ ಟಿಬೆಟನ್ ಕಲಿಸಿ, ಅಲ್ಲಿನ ಕಿರಿಯ ಭಿಕ್ಷುಗಳಿಗೆ ನಾವು ಕನ್ನಡ ಕಲಿಸೋಣ. ಜೇನುಕುರುಬರ ಜೇನುನುಡಿ ಬಲ್ಲ ಹಿರಿಯರನ್ನು ಮಾಹಿತಿದಾರರೆಂದು ಕರೆದು ಕಳಿಸದೆ, ಭಾಷೆಯ ಗುರುಗಳೆಂದು ಗೌರವಿಸಿ ಸಂಭಾವನೆ ಕೊಡಿ.

ಈ ತಾಲ್ಲೂಕುಗಳ ಮೇಲೆ ಯಾರೇ ಎಂ.ಎ. ಪ್ರಬಂಧ ಬರೆಯಲಿ, ಪಿಎಚ್.ಡಿ. ಪಡೆಯಲಿ, ಅದರ ಕನ್ನಡ ಸಾರಾಂಶ ತಾಲ್ಲೂಕು ಗ್ರಂಥಾಲಯಕ್ಕೂ ಆಯಾ ಗ್ರಾಮ ಪಂಚಾಯಿತಿಗೂ ಬರಬೇಕೆಂದು ವಿಶ್ವವಿದ್ಯಾನಿಲಯ ನಿಯಮ ಮಾಡಲಿ. ಬರೆದವರು ಬಂದು ಜನರ ಮುಂದೆ ಅದನ್ನು ಓದಿ ಹೇಳಲಿ. ತಪ್ಪಿದ್ದರೆ ಜನ ತಿದ್ದಲಿ.

ಕೊನೆಯ ಕೋರಿಕೆ ಇಲ್ಲಿ ಕೂತಿರುವ ಅನುಕೂಲವಂತರಿಗೆ. ದತ್ತಿ ಇಡುವ ಒಳ್ಳೆಯ ಸಂಪ್ರದಾಯ ನಮ್ಮಲ್ಲಿದೆ. ಉಪನ್ಯಾಸಕ್ಕೆ ಇಡುವಂತೆಯೇ ಕ್ಷೇತ್ರಕಾರ್ಯಕ್ಕೂ ಒಂದು ದತ್ತಿ ಇಡಿ. ಬಸ್ ಚಾರ್ಜು, ಊಟ, ಬಾಡಿಗೆ ಕೋಣೆ, ಧ್ವನಿ ಮುದ್ರಿಸುವ ಒಂದು ಉಪಕರಣ, ಇಷ್ಟಕ್ಕೆ ಸಾಕಾಗುವ ಹಣದಿಂದ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಓದು ಗಟ್ಟಿಯಾಗುತ್ತದೆ. ಆ ವಿದ್ಯಾರ್ಥಿ ಮುಂದಿನ ವರ್ಷ ಇದೇ ವೇದಿಕೆಗೆ ಬಂದು ತಾನು ಕಂಡದ್ದನ್ನು ಹೇಳಲಿ, ಯಾವ ಜನರ ನಡುವೆ ಇದ್ದನೋ ಅವರು ಮುಂದಿನ ಸಾಲಿನಲ್ಲಿ ಕೂತು ಪ್ರಶ್ನೆ ಕೇಳಲಿ. ಆ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಹೇಳಬಲ್ಲವನಿಗೆ ಪದವಿ ಕೊಡಲು ವಿಶ್ವವಿದ್ಯಾನಿಲಯ ಹಿಂದೆಮುಂದೆ ನೋಡಬೇಕಾಗಿಲ್ಲ.